ಮಿಷನರಿ ಅಂದ್ರೆ ದಿನಾ ಎಂತ ಮಾಡೋದು?

ಶಿವಮೊಗ್ಗದಲ್ಲಿ ಒಂದು ಓದುಗರ ಬಳಗದೋರು ಕರೆದಿದ್ರು, ಅಲ್ಲಿ ಆಡಿದ ಮಾತು ಇದು. ಒಬ್ರು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ರು, ಅದನ್ನ ಕೇಳ್ಕೊಂಡು ನಾನೇ ಟೈಪ್ ಮಾಡಿದೀನಿ. ಆವತ್ತು ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದೀನಿ, ಮೈಕ್ ಕೈಕೊಟ್ಟಾಗ ಆಡಿದ ಮಾತೆಲ್ಲಾ ತೆಗೆದಿದೀನಿ.

ಎಲ್ಲರಿಗೂ ನಮಸ್ಕಾರ. ಫೋಟೋ ತನ್ನಿ ಸಿಸ್ಟರ್ ಅಂತ ಮೊದಲೇ ಹೇಳಿದ್ರು, ಪ್ರೊಜೆಕ್ಟರ್ ಕೂಡ ಇಟ್ಟಿದಾರೆ ಪಾಪ, ಆದ್ರೆ ನಾನು ತಂದಿರೋದು ಬಾಳೆತೋಟ, ಮಳೆನೀರಿನ ಟ್ಯಾಂಕು, ನಮ್ಮ ಡಿಸ್ಪೆನ್ಸರಿ ಕಟ್ಟಡ, ಒಂದು ಹಡಗು, ಇಷ್ಟೇ. ಮಕ್ಕಳ ಫೋಟೋ ಒಂದೂ ಇಲ್ಲ. ಬೇಕಂತ್ಲೇ ತಂದಿಲ್ಲ. ಮಿಷನರಿ ಅಂದ ತಕ್ಷಣ ತಲೇಲಿ ಬರೋ ಚಿತ್ರ ಇದ್ಯಲ್ಲ, ಮಧ್ಯದಲ್ಲಿ ಸಿಸ್ಟರ್ರು, ಸುತ್ತ ಹರಕು ಅಂಗಿ ಹಾಕ್ಕೊಂಡ ಹತ್ತಿಪ್ಪತ್ತು ಆಫ್ರಿಕಾ ಮಕ್ಕಳು, ಕೆಳಗೆ ಬ್ಯಾಂಕ್ ಅಕೌಂಟ್ ನಂಬರ್ರು, ಆ ಫೋಟೋ ನಂಗೆ ಆಗಲ್ಲ. ನಮ್ಮ ಕಡೆ ಅಂಗನವಾಡಿಗೆ ಯಾರೋ ಹೊರದೇಶದೋರು ಬಂದು ಅಪ್ಪ ಅಮ್ಮನ್ನ ಒಂದು ಮಾತು ಕೇಳ್ದೆ ನಮ್ಮ ಮಕ್ಕಳ ಫೋಟೋ ತೆಗೆದು ದುಡ್ಡು ಎತ್ತಿದ್ರೆ ನಾವು ಸುಮ್ನಿರ್ತೀವಾ? ಅದೇ ಲೆಕ್ಕ ಅಲ್ಲಿಗೂ.

ನಾನು ತೀರ್ಥಹಳ್ಳಿ ಕಡೆಯವಳು. ಮನೇಲಿ ಕೊಂಕಣಿ, ಗೇಟ್ ದಾಟಿದ್ರೆ ಕನ್ನಡ. ನರ್ಸಿಂಗ್ ಓದಿ ಕಾನ್ವೆಂಟ್ ಸೇರ್ಕೊಂಡೆ, ಸಂಘದೋರು ಟಾಂಜಾನಿಯಾಕ್ಕೆ ಹೋಗ್ತೀಯಾ ಅಂತ ಕೇಳಿದ್ರು, ಹೂಂ ಅಂದೆ. ಈಗ ಅಲ್ಲಿ ಕಗೇರಾ ಪ್ರಾಂತ್ಯದ ಬುಕೋಬಾ ಊರಿಂದ ಸ್ವಲ್ಪ ಒಳಗೆ ಒಂದು ಹಳ್ಳೀಲಿ ಇರೋದು. ರಜಕ್ಕೆ ಮನೆಗೆ ಬಂದಾಗೆಲ್ಲ ಪಕ್ಕದ್ಮನೆ ಅಕ್ಕ ಒಬ್ರು ಬಂದು ಜಗಲೀಲಿ ಕೂತು ಕೇಳ್ತಾರೆ, ಅಲ್ಲ ಮಾರಾಯ್ತಿ, ಬೆಳಗಿಂದ ಸಂಜೆತನಕ ಅಲ್ಲಿ ಎಂತ ಮಾಡ್ತೀಯೆ, ದಿನಪೂರ್ತಿ ಪ್ರಾರ್ಥನೆಯಾ ಅಂತ. ಇವತ್ತಿನ ಮಾತಿಗೆ ಅದನ್ನೇ ವಿಷಯ ಮಾಡ್ಕೊಂಡಿದೀನಿ, ದಿನಾ ಎಂತ ಮಾಡೋದು. ಮೊದಲೇ ಉತ್ತರ ಹೇಳ್ಬಿಡ್ತೀನಿ, ದಿನದಲ್ಲಿ ಮುಕ್ಕಾಲು ಪಾಲು ಬೇರೆಯವರ ಹತ್ರ ಸಹಾಯ ತಗೊಳ್ಳೋದೇ. ಕೊಡೋಕೆ ಅಂತ ಹೋದವರ ಕಥೆ ನೀವು ಕೇಳಿರ್ತೀರಿ, ಸಿನಿಮಾನೂ ನೋಡಿರ್ತೀರಿ, ತಗೊಂಡ ಕಥೆ ಯಾರೂ ಹೇಳಲ್ಲ ಯಾಕಂದ್ರೆ ಅದ್ರಲ್ಲಿ ಸಿಸ್ಟರ್ರು ಅಷ್ಟು ಚಂದ ಕಾಣಲ್ಲ.

ಜಾಗದ ಬಗ್ಗೆ ಸ್ವಲ್ಪ. ಆಫ್ರಿಕಾ ಅಂದ್ರೆ ಒಣ ಬಯಲು, ಸಿಂಹ, ಜೀಪು ಅಂದ್ಕೊಂಡಿದ್ರೆ ಬುಕೋಬಾ ನೋಡಿದ್ರೆ ನಿಮಗೆ ಮೋಸ ಆದಂಗೆ ಅನ್ಸುತ್ತೆ. ಸಮಭಾಜಕ ವೃತ್ತದ ಪಕ್ಕದಲ್ಲೇ, ವಿಕ್ಟೋರಿಯಾ ಸರೋವರದ ಪಶ್ಚಿಮ ದಡ, ಗುಡ್ಡ, ಹಸಿರು, ಕೆಂಪು ಮಣ್ಣು, ದಡದ ಕಡೆ ವರ್ಷಕ್ಕೆ ಸುಮಾರು 2000 ಮಿಲಿಮೀಟರ್ ಮಳೆ. ಆಗುಂಬೆಯೋರು ನಗ್ಬೇಡಿ, ನಿಮ್ಮಲ್ಲಿ 7000 ದಾಟುತ್ತೆ ಗೊತ್ತು, ಆದ್ರೆ ಪೂರ್ವ ಆಫ್ರಿಕಾಕ್ಕೆ ಇದು ಭಾರಿ ಮಳೆ. ಅಲ್ಲಿ ಹಾಯಾ ಅನ್ನೋ ಜನ. ಪ್ರತಿ ಮನೆ ಅದರದ್ದೇ ಬಾಳೆತೋಟದ ಒಳಗೆ, ಬಾಳೆ ಕೆಳಗೆ ಕಾಫಿ, ಕಾಫಿ ಕೆಳಗೆ ಬೀನ್ಸು, ಬುಡಕ್ಕೆಲ್ಲಾ ಒಣಹುಲ್ಲು ಹೊದಿಸಿರ್ತಾರೆ. ನಮ್ಮಲ್ಲಿ ಅಡಿಕೆ ಮಧ್ಯೆ ಬಾಳೆ, ಕಾಫಿ, ಮೆಣಸಿನ ಬಳ್ಳಿ ಇರಲ್ವಾ, ಅಡಿಕೆ ಒಂದನ್ನ ತೆಗೆದ್ರೆ ಅದೇ ತೋಟ. ಮೊದಲ ಸಲ ಹೋದಾಗ ಮನೆ ಬಿಟ್ಟು ಬಂದಿದೀನಿ ಅಂತ್ಲೇ ಅನ್ಸಲಿಲ್ಲ, ಅನ್ಸಿದ್ದು ಊಟಕ್ಕೆ ಕೂತಾಗ, ಯಾಕಂದ್ರೆ ಅಲ್ಲಿ ಬಾಳೆಕಾಯೇ ಊಟ. ಪಲ್ಯ ಅಲ್ಲ, ಊಟ. ಸಿಪ್ಪೆ ತೆಗೆದು ಬೀನ್ಸ್ ಜೊತೆ ಬೇಯಿಸಿ ದೊಡ್ಡ ಪಾತ್ರೇಲಿ ಇಟ್ರೆ ಮಧ್ಯಾಹ್ನಾನೂ ಅದೇ ರಾತ್ರೀನೂ ಅದೇ, ಅನ್ನ ಹಬ್ಬಕ್ಕೆ. ನಾವು ಬಾಳೆಕಾಯಿ ಚಿಪ್ಸ್ ತಿನ್ನೋದು ಕೇಳಿ ಅವರಿಗೆ ನಗು ಬರುತ್ತೆ.

ಅಲ್ಲಿಗೆ ಹೋಗೋಕೆ ಒಂದು ದಾರಿ ಮ್ವಾಂಜಾ ಅನ್ನೋ ಊರಿಂದ ರಾತ್ರಿ ಹಡಗು. ಸಿಗಂದೂರು ಲಾಂಚಲ್ಲಿ ಓಡಾಡಿದೋಳು ನಾನು, ನೀರು ನೋಡಿ ಹೆದರೋಳಲ್ಲ, ಆದ್ರೆ ಈ ಸರೋವರ ಸುಮಾರು 68 ಸಾವಿರ ಚದರ ಕಿಲೋಮೀಟರು, ನಮ್ಮ ಶಿವಮೊಗ್ಗ ಜಿಲ್ಲೆ ಎಂಟು ಅದರೊಳಗೆ ಮುಳುಗುತ್ತೆ. 1996ರಲ್ಲಿ ಎಂವಿ ಬುಕೋಬಾ ಅನ್ನೋ ಹಡಗು ಇದೇ ದಾರೀಲಿ ಮುಳುಗಿ ನೂರಾರು ಜನ ಹೋದ್ರು. ಅಲ್ಲಿ ಈಗ್ಲೂ ಹಡಗು ಹತ್ತೋವಾಗ ಅಜ್ಜಿಯರು ಶಿಲುಬೆ ಗುರುತು ಹಾಕ್ಕೊಳ್ತಾರೆ, ಮುಸ್ಲಿಂ ಅಜ್ಜಿಯರು ಅವರ ಪ್ರಾರ್ಥನೆ ಹೇಳ್ಕೊಳ್ತಾರೆ.

ಬೆಳಿಗ್ಗೆ ಐದಕ್ಕೆ ಏಳೋದು. ಪ್ರಾರ್ಥನೆ, ಧ್ಯಾನ, ಆಮೇಲೆ ಪೂಜೆ. ಇದು ನಮ್ಮ ಕಾನ್ವೆಂಟ್ ಎಲ್ಲಿದ್ರೂ ಹಿಂಗೇ, ಶಿವಮೊಗ್ಗದಲ್ಲೂ ಹಿಂಗೇ, ಹಾಗಾಗಿ ಹೆಚ್ಚು ಹೇಳಲ್ಲ. ಗಮ್ಮತ್ತಿರೋದು ಗಡಿಯಾರದಲ್ಲಿ. ಸ್ವಾಹಿಲಿ ಮಾತಾಡೋರಿಗೆ ದಿನ ಶುರುವಾಗೋದು ಸೂರ್ಯ ಹುಟ್ಟಿದ ಮೇಲೆ, ಅಲ್ಲಿಂದ ಎಣಿಸ್ತಾರೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ, ನಮ್ಮ ಹತ್ತು ಅವರಿಗೆ ನಾಲ್ಕು. ಸಮಭಾಜಕದ ಹತ್ರ ವರ್ಷಪೂರ್ತಿ ಹಗಲು ರಾತ್ರಿ ಹೆಚ್ಚುಕಮ್ಮಿ ಸಮ, ಹಾಗಾಗಿ ಈ ಲೆಕ್ಕ ಸರಿಯಾಗೇ ನಡೆಯುತ್ತೆ. ಕೈಗೆ ಕಟ್ಟಿದ ವಾಚಲ್ಲಿ ಹತ್ತು ಅಂತ ತೋರಿಸ್ತಿರುತ್ತೆ, ಅದನ್ನ ನೋಡ್ಕೊಂಡೇ ಬಾಯಲ್ಲಿ ನಾಲ್ಕು ಅಂತಾರೆ. ಡಿಸ್ಪೆನ್ಸರೀಲಿ ಮಾತ್ರೆ ಯಾವ ಹೊತ್ತಿಗೆ ತಗೋಬೇಕು ಅಂತ ಹೇಳೋದು ನನ್ನ ಕೆಲಸ ನೋಡಿ, ಹಾಗಾಗಿ ಅಲ್ಲಿರೋ ಲೋಕಲ್ ನರ್ಸ್ ಮೊದಲ ತಿಂಗಳುಗಳಲ್ಲಿ ನನ್ನ ಪಕ್ಕದಲ್ಲೇ ಕೂತ್ಕೊಂಡು ಪ್ರತಿ ಪೇಷಂಟಿಗೂ ನಾನು ಹೇಳಿದ್ದನ್ನ ಇನ್ನೊಂದ್ಸಲ ಹೇಳ್ತಿದ್ಲು. ವಯಸ್ಸಲ್ಲಿ ನಂಗಿಂತ ಚಿಕ್ಕೋಳು. ನನ್ನ ಮೇಲಧಿಕಾರಿ ಅಂದ್ರೆ ಅವಳೇ ಅಂತ ಇಟ್ಕೊಳ್ಳಿ.

ಭಾಷೆ ಕಲಿಯೋಕೆ ಮಿಷನರಿಗಳಿಗೇ ಅಂತ ಶಾಲೆ ಇದೆ, ಮುಸೋಮ ಊರಿನ ಹತ್ರ ಮಕೋಕೊ ಅಂತ, ಅದೂ ಅದೇ ಸರೋವರದ ಇನ್ನೊಂದು ದಡ. ಅಲ್ಲಿ ಕಲಿತಿದ್ದು ವ್ಯಾಕರಣ. ಮಾತಾಡೋದು ಕಲಿಸಿದ್ದು ನೀರಿನ ಹತ್ರ ಬರೋ ಹೆಂಗಸರು ಮತ್ತೆ ಮಕ್ಕಳು. ಚಿಕ್ಕ ಮಕ್ಕಳು ದೊಡ್ಡೋರನ್ನ ಕಂಡ್ರೆ ಶಿಕಮೂ ಅಂತ ಹೇಳ್ಳೇಬೇಕು, ದೊಡ್ಡೋರು ಮರಹಬಾ ಅಂತ ಉತ್ತರ ಕೊಡಬೇಕು, ಇಲ್ಲಾಂದ್ರೆ ಮಗು ಅಲ್ಲೇ ನಿಂತಿರುತ್ತೆ. ಡಿಸ್ಪೆನ್ಸರಿಗೆ ಹೋಗೋ ಹತ್ತು ನಿಮಿಷದ ದಾರಿ ಅರ್ಧ ಗಂಟೆ ಆಗುತ್ತೆ ಇದ್ರಿಂದ. ಹಾಯಾದವರ ಮನೇಲಿ ಹಾಯಾ ಭಾಷೆ, ಸಂತೆ, ಶಾಲೆ, ಆಫೀಸಲ್ಲಿ ಸ್ವಾಹಿಲಿ. ಆ ದೇಶದಲ್ಲಿ ನೂರಿಪ್ಪತ್ತಕ್ಕೂ ಮೇಲೆ ಭಾಷೆ ಇದ್ರೂ ಸ್ವಾಹಿಲಿ ಎಲ್ಲರನ್ನೂ ಕೂಡಿಸಿ ಇಟ್ಟಿದೆ, ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆ ಅದಕ್ಕೆ ಹಟ ಹಿಡಿದು ಕೂತ ಮನುಷ್ಯ, ಮೂಲತಃ ಮೇಷ್ಟ್ರು, ಈಗ್ಲೂ ಜನ ಅವರನ್ನ ಮೇಷ್ಟ್ರು ಅಂತ್ಲೇ ಕರೆಯೋದು.

ಇನ್ನೊಂದು ತಮಾಷೆ. ಬಿಳಿಯರು ಬಂದ್ರೆ ಮಿಷನರಿ ಇರಬೇಕು ಅಥವಾ ಟೂರಿಸ್ಟ್ ಇರಬೇಕು ಅಂದ್ಕೊಳ್ತಾರೆ. ನಮ್ಮ ಮುಖ ನೋಡಿದ್ರೆ ಅಂಗಡಿ! ಪೂರ್ವ ಆಫ್ರಿಕಾದಲ್ಲಿ ನೂರಾರು ವರ್ಷದಿಂದ ಗುಜರಾತಿ ವ್ಯಾಪಾರಿಗಳು ಇದಾರಲ್ಲ, ಭಾರತದೋರು ಅಂದ್ರೆ ಹಾರ್ಡ್‌ವೇರು, ಬಟ್ಟೆ, ಸೈಕಲ್ ಪಾರ್ಟು. ತಲೆಗೆ ವೇಲ್ ಹಾಕ್ಕೊಂಡು ಕುತ್ತಿಗೇಲಿ ಶಿಲುಬೆ ನೇತಾಡ್ತಿದ್ರೂ ಬಸ್ ಸ್ಟ್ಯಾಂಡಲ್ಲಿ ಒಬ್ಬ ಯಜಮಾನರು ತಗಡಿನ ಶೀಟಿಗೆ ಈಗ ಎಷ್ಟು ನಡೀತಿದೆ ಅಂತ ಕೇಳ್ತಾರೆ. ಅವರ ಕಣ್ಣಲ್ಲಿ ಇಂಡಿಯಾದೋರು ದುಡ್ಡು ಮಾಡೋಕೆ ಬಂದೋರು, ಸಮಾನವಾಗಿ ನೆಲದ ಮೇಲೆ ಕೂತು ಉಣ್ಣೋರಲ್ಲ. ಆ ಅಭಿಪ್ರಾಯಕ್ಕೆ ಕಾರಣ ಇಲ್ಲದೇ ಇಲ್ಲ, ನಮ್ಮೋರು ಅಲ್ಲಿ ಅವರನ್ನ ಹೆಂಗೆ ನಡೆಸ್ಕೊಂಡಿದಾರೆ ಅಂತ ನಾನೂ ನೋಡಿದೀನಿ. ಹಾಗಾಗಿ ನನ್ನ ಕೆಲಸ ಸೊನ್ನೆಯಿಂದ ಶುರುವಾಗಲ್ಲ, ಸೊನ್ನೆಗಿಂತ ಸ್ವಲ್ಪ ಕೆಳಗಿಂದ ಶುರುವಾಗುತ್ತೆ.

ಚರ್ಚ್ ನಡೆಸೋದು ಯಾರು ಅಂದ್ರೆ ಫಾದರ್ ಅಂತ ನೀವು ಅಂದ್ಕೊಳ್ತೀರಿ. ನಿಜವಾಗಿ ನಡೆಸೋದು ಕಟೆಕಿಸ್ಟಾ, ಅಂದ್ರೆ ಧರ್ಮೋಪದೇಶಿ. ಒಂದು ಧರ್ಮಕೇಂದ್ರದ ಕೆಳಗೆ ದೂರ ದೂರ ಗುಡ್ಡದ ಮೇಲೆ ಸಣ್ಣ ಸಣ್ಣ ಚರ್ಚ್ ಇರ್ತಾವೆ, ಕಿಗಾಂಗೊ ಅಂತಾರೆ, ಫಾದರ್ ಅಲ್ಲಿಗೆ ಹೋಗೋದು ಯಾವಾಗ್ಲೋ ಒಂದ್ಸಲ, ಉಳಿದ ಎಲ್ಲಾ ಭಾನುವಾರ ಪ್ರಾರ್ಥನೆ ನಡೆಸೋದು, ಮಕ್ಕಳಿಗೆ ಕಲಿಸೋದು, ಹೆಣ ಮಣ್ಣು ಮಾಡೋದು, ಗಂಡ ಹೆಂಡತಿ ಜಗಳ ಬಿಡಿಸೋದು ಎಲ್ಲಾ ಆ ಮನುಷ್ಯನೇ. ಹಗಲೆಲ್ಲಾ ಅವರದ್ದೇ ತೋಟದ ಕೆಲಸ ಇರುತ್ತೆ, ಕೈಯಲ್ಲಿ ಮಚ್ಚು, ಜೇಬಲ್ಲಿ ಪ್ರಾರ್ಥನೆ ಪುಸ್ತಕ. ಇದು ಇವತ್ತಿನದ್ದಲ್ಲ. ಕಾರ್ಡಿನಲ್ (ಪೋಪ್ ಕೆಳಗಿನ ದೊಡ್ಡ ಪದವಿ ಅದು) ಲಾವಿಜರಿ 1868ರಲ್ಲಿ ಆಲ್ಜೀರಿಯಾದಲ್ಲಿ ವೈಟ್ ಫಾದರ್ಸ್ ಅನ್ನೋ ಸಂಘ ಕಟ್ಟಿದಾಗ ತನ್ನ ಪಾದ್ರಿಗಳಿಗೆ ಹೇಳಿದ್ದು ಜನರ ಭಾಷೆ ಆಡಿ, ಜನರ ಊಟ ಮಾಡಿ, ಜನರ ಬಟ್ಟೆ ಹಾಕಿ, ಮತ್ತೆ ಮೂರು ಜನಕ್ಕಿಂತ ಕಮ್ಮಿ ಎಲ್ಲೂ ಇರಬೇಡಿ ಅಂತ. ಆ ಮೂರು ಜನದ ನಿಯಮ ನಂಗೆ ಬಹಳ ಇಷ್ಟ, ಒಬ್ರಿಗೊಬ್ರು ಮಾತು ಬಿಟ್ರೆ ಮಧ್ಯಸ್ಥಿಕೆಗೆ ಒಬ್ರಾದ್ರೂ ಬೇಕಲ್ಲ. ಅದೇ ಕಾಲದಲ್ಲಿ ಆದ್ರಿಯನ್ ಅಟಿಮಾನ್ ಅಂತ ಒಬ್ರಿದ್ರು, ಚಿಕ್ಕ ಹುಡುಗ ಆಗಿದ್ದಾಗ ಪಶ್ಚಿಮ ಆಫ್ರಿಕಾದಲ್ಲಿ ಹಿಡಿದು ಗುಲಾಮನಾಗಿ ಮಾರಿದ್ರು, ಪಾದ್ರಿಗಳು ಬಿಡಿಸ್ಕೊಂಡು ಮಾಲ್ಟಾ ದ್ವೀಪದಲ್ಲಿ ವೈದ್ಯಕೀಯ ಓದಿಸಿದ್ರು, ಆಮೇಲೆ ಟಾಂಗನ್ಯೀಕಾ ಸರೋವರದ ದಡದ ಕರೇಮಾ ಅನ್ನೋ ಊರಿಗೆ ಬಂದು 1956ರಲ್ಲಿ ಸಾಯೋತನಕ ಅಲ್ಲೇ ಡಾಕ್ಟರೂ ಉಪದೇಶಿಯೂ ಆಗಿದ್ರು. ಯುರೋಪಿನ ಪಾದ್ರಿಗಳು ಜ್ವರ ಬಂದು ಸಾಯ್ತಿದ್ರೆ, ವಾಪಸ್ ಹೋಗ್ತಿದ್ರೆ, ಆರು ದಶಕದ ಮೇಲೆ ಒಂದೇ ಕಡೆ ನಿಂತಿದ್ದು ಈ ಮನುಷ್ಯ. ಮಿಷನರಿಗಳ ಚರಿತ್ರೇಲಿ ಇಂಥೋರ ಹೆಸರು ಅಡಿಟಿಪ್ಪಣೀಲಿ ಬರುತ್ತೆ ನೋಡಿ, ಅದು ನಂಗೆ ಸಿಟ್ಟು.

ನಮ್ಮ ಕನ್ನಡದ ಕಥೇನೂ ಸ್ವಲ್ಪ ಹಿಂಗೇ ಅಲ್ವಾ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ತಂದ್ರು, ಕಿಟೆಲ್ ನಿಘಂಟು 1894ರಲ್ಲಿ ಬಂತು, ಸುಮಾರು 70 ಸಾವಿರ ಪದ, ಎಲ್ಲಾ ಸರಿ, ಗೌರವಾನೂ ಇದೆ. ಆದ್ರೆ ಕಿಟೆಲ್ 1853ರಲ್ಲಿ ಈ ಕಡೆ ಬಂದಾಗ ಅವರಿಗೆ 21 ವಯಸ್ಸು. ನಿಮ್ಮ ಮನೇಲಿ ಡಿಗ್ರಿ ಮುಗಿಸಿ ಕೂತಿರೋ ಹುಡುಗನ ವಯಸ್ಸು. ಊರಿಂದ ಕಾಗದ ಬರೋಕೆ ತಿಂಗಳುಗಟ್ಟಲೆ, ಸೂಯೆಜ್ ಕಾಲುವೆ ಆಗಿದ್ದೇ 1869ಕ್ಕೆ. ಆ ಹುಡುಗನಿಗೆ ಮೊಸರನ್ನ ಹೆಂಗೆ ಕಲಸೋದು ಅಂತ ಯಾರು ತೋರಿಸಿರಬೇಕು, ಜ್ವರ ಬಂದಾಗ ಗಂಜಿ ಯಾರು ಕೊಟ್ಟಿರಬೇಕು, ಎಷ್ಟು ಜನ ಪಂಡಿತರು, ರೈತರು ಕೂತು ಒಂದೊಂದೇ ಪದ ಹೇಳಿಕೊಟ್ಟಿರಬೇಕು? ನಿಘಂಟಿನ ಮೇಲೆ ಒಂದೇ ಹೆಸರು. ಅವತ್ತಿನ ಬಹಳ ಮಿಷನರಿಗಳು ನಮ್ಮ ದೇವರು, ನಮ್ಮ ಆಚಾರ ಎಲ್ಲಾ ಕೀಳು ಅಂತ ಬರೆದಿದ್ದೂ ಸುಳ್ಳಲ್ಲ, ಅದನ್ನ ನಾನು ಸಮರ್ಥಿಸೋಕೆ ಬಂದಿಲ್ಲ. ಅಲ್ಲಿ ಆಫ್ರಿಕಾದಲ್ಲೂ ಜರ್ಮನ್ ಆಳ್ವಿಕೆಯ ಕಾಲದಲ್ಲಿ ಅದೇ ನಡೆದಿದ್ದು. ಅಂಥ ಮಾತಿನ ಭಾರ ಹೊತ್ಕೊಂಡೇ ನಾವು ಈಗಿನೋರು ಹೋಗೋದು.

ಡಿಸ್ಪೆನ್ಸರಿಗೆ ಬರ್ತೀನಿ. ವಾರದಲ್ಲಿ ಒಂದು ದಿನ ಐದು ವರ್ಷದೊಳಗಿನ ಮಕ್ಕಳ ಕ್ಲಿನಿಕ್ಕು, ಅವತ್ತು ಜಾತ್ರೆ. ನೇತು ಹಾಕಿರೋ ತಕ್ಕಡಿಗೆ ಮಗೂನ ಚಡ್ಡಿ ಥರದ ಚೀಲದಲ್ಲಿ ಕೂರಿಸಿ ತೂಗೋದು, ಕಾರ್ಡಲ್ಲಿ ಗೆರೆ ಎಳೆಯೋದು, ಲಸಿಕೆ. ಉಳಿದ ದಿನ ಹೆಚ್ಚಿಗೆ ಮಲೇರಿಯಾ. ಬೆರಳು ಚುಚ್ಚಿ ರಾಪಿಡ್ ಟೆಸ್ಟ್, ಪಾಸಿಟಿವ್ ಇದ್ರೆ ಎರಡು ಔಷಧಿ ಸೇರಿರೋ ಮಾತ್ರೆ, 2006ರಿಂದ ಅಲ್ಲಿ ಅದೇ ಮೊದಲ ಔಷಧಿ, ಮೂರು ದಿನದ ಕೋರ್ಸು, ಎರಡನೇ ದಿನಕ್ಕೆ ಜ್ವರ ಬಿಟ್ಟ ತಕ್ಷಣ ಉಳಿದ ಮಾತ್ರೆ ಮುಂದಿನ ಮಗುವಿಗೆ ಅಂತ ಎತ್ತಿಡ್ತಾರೆ. ಇಲ್ಲೂ ನಮ್ಮಮ್ಮ ಆಂಟಿಬಯಾಟಿಕ್ ಸ್ಟ್ರಿಪ್ಪನ್ನ ಸಕ್ಕರೆ ಡಬ್ಬಿ ಹಿಂದೆ ಇಟ್ಟಿರೋದು ಮೊನ್ನೆ ನೋಡಿದೆ, ಹಾಗಾಗಿ ಬೈಯೋಕೆ ಬಾಯಿಲ್ಲ.

ಕಗೇರಾಕ್ಕೆ ಇನ್ನೊಂದು ದೊಡ್ಡ ಗಾಯ ಇದೆ. ಟಾಂಜಾನಿಯಾದಲ್ಲಿ ಏಡ್ಸ್ ಮೊದಲು ಪತ್ತೆ ಆಗಿದ್ದು 1983ರಲ್ಲಿ, ಇದೇ ಪ್ರಾಂತ್ಯದಲ್ಲಿ. ಆಮೇಲೆ ಒಂದು ಇಡೀ ವಯಸ್ಸಿನ ಜನ ಹೋಗ್ಬಿಟ್ರು, ಅಪ್ಪ ಅಮ್ಮನ ವಯಸ್ಸಿನೋರು. ಉಳಿದಿದ್ದು ಅಜ್ಜಿಯರು ಮತ್ತು ಮೊಮ್ಮಕ್ಕಳು. 2004ರ ನಂತರ ಸರ್ಕಾರದ ಕಡೆಯಿಂದ ಪುಕ್ಕಟೆ ಔಷಧಿ ಬರೋಕೆ ಶುರುವಾಗಿ ಈಗ ಪರಿಸ್ಥಿತಿ ಬೇರೆ, ಮಾತ್ರೆ ತಗೊಂಡು ತೋಟ ಮಾಡ್ಕೊಂಡು ಆರಾಮಾಗಿರೋರು ಬೇಕಾದಷ್ಟು ಜನ. ಆದ್ರೆ ಆಗಿನ ಮೊಮ್ಮಕ್ಕಳೇ ಈಗ ನನ್ನ ವಯಸ್ಸಿನೋರು, ನನ್ನ ಜೊತೆ ಕೆಲಸ ಮಾಡೋರು. ಅಜ್ಜಿ ಸಾಕಿದ ಮಕ್ಕಳು ಅವ್ರು, ಎಲ್ಲದಕ್ಕೂ ಅಜ್ಜಿ ಹಂಗೆ ಹೇಳ್ತಿದ್ಲು ಅಂತಾರೆ, ಅಮ್ಮನ ಸುದ್ದಿ ಬರಲ್ಲ. ಮೊದಲಿಗೆ ಯಾಕೆ ಅಂತ ಹೊಳೆದಿರಲಿಲ್ಲ ನಂಗೆ.

2023ರ ಮಾರ್ಚಲ್ಲಿ ಮಾರ್ಬರ್ಗ್ ಅನ್ನೋ ವೈರಸ್ಸು ಬಂತು, ಎಬೋಲಾದ ಹತ್ತಿರದ ನೆಂಟ. ಅದು ಬಾವಲಿಗಳಲ್ಲಿ ಇರೋದು. ಒಂಬತ್ತು ಜನಕ್ಕೆ ಬಂದು ಆರು ಜನ ಹೋದ್ರು, ಅವರಲ್ಲಿ ಆಸ್ಪತ್ರೆ ಕೆಲಸದೋರೂ ಇದ್ರು, ಜೂನ್ ಶುರುವಿಗೆ ಮುಗೀತು ಅಂತ ಘೋಷಣೆ ಆಯ್ತು. ಸಂಖ್ಯೆ ಸಣ್ಣದು ಅನ್ಸುತ್ತೆ, ಆದ್ರೆ ಕೈ ಕುಲುಕದೆ ಮಾತೇ ಶುರು ಮಾಡದ ಊರಲ್ಲಿ ಎಲ್ಲರೂ ಕೈ ಹಿಂದೆ ಕಟ್ಕೊಂಡು ನಿಂತಿರೋದು ನೋಡಬೇಕಿತ್ತು. ಅಮ್ಮ ಫೋನಲ್ಲಿ ಅಳ್ತಿದ್ರು, ವಾಪಸ್ ಬಾ ಅಂತ. ನಾನಂದೆ, ಅಮ್ಮ, ಮಂಗನ ಕಾಯಿಲೆ ಹುಟ್ಟಿದ ಜಿಲ್ಲೆಯವರು ನಾವು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮಂಗ ಸತ್ತು ಬಿದ್ದಾಗ ಊರು ಬಿಟ್ಟು ಹೋದ್ರಾ ಯಾರಾದ್ರೂ? ಈಗ್ಲೂ ಬೇಸಿಗೆ ಬಂದ್ರೆ ತೋಟಕ್ಕೆ ಹೋಗೋ ಮೊದಲು ಉಣುಗು ಕಚ್ಚದ ಹಾಗೆ ಎಣ್ಣೆ ಹಚ್ಕೊಂಡು ಹೋಗ್ತೀರಲ್ಲ, ಹಂಗೇ ಇದೂ ಅಂತ. ಆ ಮಾತಿಂದ ಅಮ್ಮನಿಗೆ ಸಮಾಧಾನ ಏನೂ ಆಗಲಿಲ್ಲ, ಬೈದು ಫೋನಿಟ್ರು.

ಸಂಜೆ ಕಾನ್ವೆಂಟ್. ಇಲ್ಲಿ ನಿಜ ಹೇಳಬೇಕು, ಹೊರಗಿನ ಕೆಲಸಕ್ಕಿಂತ ಕಷ್ಟ ಮನೆಯೊಳಗೇ. ನಾಲ್ಕು ಜನ ಇದೀವಿ, ಒಬ್ರು ಕೀನ್ಯಾದೋರು, ಒಬ್ರು ಅಲ್ಲಿಯೋರೇ, ಒಬ್ರು ಕೇರಳದ ಹಿರಿಯ ಸಿಸ್ಟರ್, ನಾನು. ಅಡುಗೆ ಸರದಿ ಪ್ರಕಾರ. ಕೀನ್ಯಾದೋರಿಗೆ ಖಾರ ಆಗಲ್ಲ, ನಂಗೆ ಖಾರ ಇಲ್ದಿದ್ರೆ ಆಗಲ್ಲ, ಕೇರಳದ ಸಿಸ್ಟರಿಗೆ ಎಲ್ಲದಕ್ಕೂ ತೆಂಗಿನಕಾಯಿ ಬೇಕು, ಅಲ್ಲಿಯ ಸಿಸ್ಟರ್ ನಮ್ಮ ಮೂರೂ ಜನದ ಅಡುಗೆ ನೋಡಿ ಪೋಲೆ ಅಂತಾರೆ, ಅಯ್ಯೋ ಪಾಪ ಅಂತ. ಜೇಬಿನ ದುಡ್ಡು ಅಂತ ಸ್ವಂತದ್ದು ಇರಲ್ಲ, ಎಲ್ಲಾ ಒಂದೇ ಡಬ್ಬಿ, ಒಂದು ಸೋಪು ತಗೊಂಡ್ರೂ ಚೀಟಿ ಇಡಬೇಕು. ಕರೆಂಟ್ ಪ್ರೀಪೇಡ್, ಫೋನಲ್ಲಿ ದುಡ್ಡು ಕಟ್ಟಿದ್ರೆ 20 ಅಂಕಿ ಬರುತ್ತೆ, ಅದನ್ನ ಮೀಟರಿಗೆ ಒತ್ತಬೇಕು, ರಾತ್ರಿ ಪ್ರಾರ್ಥನೆ ಮಧ್ಯೆ ದೀಪ ಹೋದ್ರೆ ಯಾರ ಸರದಿ ಅಂತ ಮೌನದಲ್ಲೇ ಜಗಳ. ಯುವ ಮಿಷನರಿಗಳು ವಾಪಸ್ ಬರೋದು ಮಲೇರಿಯಾದಿಂದಲ್ಲ, ಹೆಚ್ಚಿನೋರು ಈ ಅಡುಗೆ ಮನೆ ಜಗಳದಿಂದ್ಲೇ ಬರೋದು ಅಂತ ನನ್ನ ಅಂದಾಜು, ಯಾರೂ ಒಪ್ಪಲ್ಲ.

ಮನೆ ನೆನಪು ಬರಲ್ವಾ ಅಂತ ಕೇಳ್ತೀರಿ. ಬರುತ್ತೆ, ಆಷಾಢದಲ್ಲಿ ಬಹಳ. ಅಲ್ಲಿ ಜೂನ್ ಜುಲೈ ಒಣ ಕಾಲ. ಇಲ್ಲಿ ಜಡಿಮಳೆ ಅಂತ ಎಲ್ಲರೂ ಸ್ಟೇಟಸ್ ಹಾಕ್ತಿರ್ತಾರೆ, ಕಳಲೆ ಪಲ್ಯ, ಪತ್ರೊಡೆ, ಹೊಳೆ ಏಡಿ, ನಾನು ಅಲ್ಲಿ ಬಿಸಿಲಲ್ಲಿ ಕೂತು ಅದನ್ನ ನೋಡೋದು. ಎರಡೂವರೆ ಗಂಟೆ ವ್ಯತ್ಯಾಸ, ನಂಗೆ ಬಿಡುವಾಗೋ ರಾತ್ರಿ ಎಂಟೂವರೆಗೆ ಇಲ್ಲಿ ಹನ್ನೊಂದು, ಅಮ್ಮ ಮಲಗಿರ್ತಾರೆ.

ಅಜ್ಜಿ ಹೋದ ಸುದ್ದಿ ವಾಟ್ಸಾಪಲ್ಲೇ ಬಂದಿದ್ದು. ಬರೋಕೆ ಆಗಲಿಲ್ಲ, ಇಂಥದಕ್ಕೆಲ್ಲ ಬರೋ ಪದ್ಧತಿ ನಮ್ಮಲ್ಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ, ಅಲ್ಲಿಯ ಸಿಸ್ಟರ್ ಹೇಳಿದಾರೆ. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಬರೋಕೆ ಶುರುವಾದ್ರು, ತಲೆ ಮೇಲೆ ಬಾಳೆಗೊನೆ, ಒಬ್ಳು ಇದ್ದಿಲು, ಒಬ್ಳು ಬೀನ್ಸು. ನೆಲದ ಮೇಲೆ ಹುಲ್ಲು ಹಾಸಿ ಕೂತ್ರು, ನನ್ನನ್ನೂ ಕೂರಿಸಿದ್ರು, ಅಡುಗೆ ಅವರೇ ಮಾಡಿದ್ರು. ಅಲ್ಲಿ ಸಾವಿನ ಮನೆಗೆ ರಂಬಿರಂಬಿ ಅಂತ ದುಡ್ಡು ಕೊಡೋ ಪದ್ಧತಿ, ನಮ್ಮ ಡಿಸ್ಪೆನ್ಸರಿಗೆ ಬಂದು ಫೀಸು ಮುಂದಿನ ತಿಂಗಳು ಕೊಡ್ತೀನಿ ಸಿಸ್ಟರ್ ಅನ್ನೋ ಹೆಂಗಸರೇ ಒಂದು ಪುಸ್ತಕದಲ್ಲಿ ಹೆಸರು ಬರೆಸಿ ದುಡ್ಡು ಹಾಕಿದ್ರು. ತೀರ್ಥಹಳ್ಳಿ ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ಲ, ಅಜ್ಜಿ ಹೆಸರು ಹೇಳೋಕೆ ಬರಲ್ಲ. ಬೇಡ ಅಂತ ಹೇಳೋಕೆ ಹೋದೆ, ಕೇರಳದ ಸಿಸ್ಟರ್ ನನ್ನ ಕೈ ಒತ್ತಿ ಸುಮ್ನಿರು, ತಗೋ ಅಂದ್ರು. ತಗೊಂಡೆ. ಆ ಪುಸ್ತಕ ಇಟ್ಕೊಂಡಿದೀನಿ, ಯಾಕಂದ್ರೆ ಅವರ ಮನೇಲಿ ಸಾವಾದಾಗ ನಾವು ಅಷ್ಟೇ ವಾಪಸ್ ಹಾಕಬೇಕು, ಅದೂ ಪದ್ಧತಿ. ಆ ದಿನದ ಮೇಲೆ ನನ್ನನ್ನ ತಗಡಿನ ರೇಟು ಕೇಳೋದು ನಿಂತಿತು, ನಮ್ಮೂರಲ್ಲಾದ್ರೂ.

ಭಾನುವಾರದ ಬಗ್ಗೆ ಹೇಳ್ದಿದ್ರೆ ತಪ್ಪಾಗುತ್ತೆ. ಪೂಜೆ ಎರಡು ಗಂಟೆಗೆ ಕಮ್ಮಿ ಇಲ್ಲ, ಕೆಲವೊಮ್ಮೆ ಮೂರು. ಡೋಲು, ಕುಣಿತ, ನಾಲ್ಕು ಸ್ವರದಲ್ಲಿ ಹಾಡು, ಹಾಡೋರಿಗೆಲ್ಲಾ ಒಂದೇ ಥರದ ಬಟ್ಟೆ. ಕಾಣಿಕೆಗೆ ಜನ ಕುಣೀತಾ ಬಾಳೆಗೊನೆ, ಮೊಟ್ಟೆ, ಜೀವಂತ ಕೋಳಿ ತರ್ತಾರೆ, ಫಾದರ್ ಪ್ರಾರ್ಥನೆ ಹೇಳೋವಾಗ ಕೋಳಿ ಕೂಗುತ್ತೆ, ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಪೂಜೆ ಆದ್ಮೇಲೆ ಅಂಗಳದಲ್ಲಿ ಅದೇ ಕೋಳಿ ಹರಾಜು. ನಮ್ಮ ಕಡೆ ಜಾತ್ರೆ ಮುಗಿದ ಮೇಲೆ ಹರಕೆ ಸಾಮಾನು ಸವಾಲು ಹಾಕಲ್ವಾ, ಅದೇ ಗದ್ದಲ, ಅದೇ ಹಟ, ಕೋಳಿ ಬೆಲೆಗಿಂತ ಹಟದ ಬೆಲೆ ಜಾಸ್ತಿ. ಮತ್ತೆ ನವೆಂಬರ್ ಹೊತ್ತಿಗೆ ಸೆನೆನೆ ಅಂತ ಹಸಿರು ಮಿಡತೆ ಬರ್ತಾವೆ, ರಾತ್ರಿ ದೊಡ್ಡ ಲೈಟ್ ಹಾಕಿ ತಗಡು ನಿಲ್ಲಿಸಿ ಹಿಡೀತಾರೆ, ರೆಕ್ಕೆ ಕಾಲು ಕಿತ್ತು ಹುರಿದು ತಿಂತಾರೆ. ತಿಂದೆ. ಚೆನ್ನಾಗಿದೆ. ಮುಖ ಸಿಂಡರಿಸಬೇಡಿ, ಚಿಗಳಿ ಚಟ್ನಿ, ಅಂದ್ರೆ ಕೆಂಪಿರುವೆ ಚಟ್ನಿ, ತಿನ್ನೋ ಜನ ನಾವು. ಮನೆಗೆ ಹೋದ್ರೆ ಬೇಯಿಸಿ ಒಣಗಿಸಿದ ಕಾಫಿ ಕಾಯಿ ಜಗಿಯೋಕೆ ಕೊಡ್ತಾರೆ, ನಮ್ಮಲ್ಲಿ ಎಲೆ ಅಡಿಕೆ ತಟ್ಟೆ ಮುಂದಿಡೋ ಹಾಗೆ, ಬೇಡ ಅಂದ್ರೆ ಅವಮಾನ.

ಆಮೇಲೆ ಪ್ರಶ್ನೆ ಕೇಳಿದ್ರು. ಕೊನೆ ಸಾಲಿಂದ ಒಬ್ಬ ಹುಡುಗ ಎದ್ದು ನಿಂತು ನೇರವಾಗೇ ಕೇಳಿದ, ಸಿಸ್ಟರ್, ನೀವು ಅಲ್ಲಿ ಮತಾಂತರ ಮಾಡ್ತೀರಾ ಅಂತ. ಹಾಲಲ್ಲಿ ಸ್ವಲ್ಪ ಗುಸುಗುಸು ಆಯ್ತು, ಆದ್ರೆ ಕೇಳಬೇಕಾದ ಪ್ರಶ್ನೇನೇ ಅದು. ನಾನು ಹೇಳಿದ್ದು ಇಷ್ಟು. ಬುಕೋಬಾ ಸೀಮೆಗೆ ವೈಟ್ ಫಾದರ್ಸ್ ಬಂದು ಕಶೋಜಿ ಅನ್ನೋ ಕಡೆ ನೆಲೆ ಮಾಡಿದ್ದು 1892ರಲ್ಲಿ. ಅಲ್ಲಿಯೋರೇ ಆದ ಲಾರಿಯನ್ ರುಗಂಬ್ವಾ 1960ರಲ್ಲಿ ಕಾರ್ಡಿನಲ್ ಆದ್ರು, ಆಧುನಿಕ ಕಾಲದಲ್ಲಿ ಆಫ್ರಿಕಾದ ಮೊದಲ ಕಾರ್ಡಿನಲ್. ನಮ್ಮ ಭಾರತಕ್ಕೆ ಮೊದಲ ಕಾರ್ಡಿನಲ್ ಸಿಕ್ಕಿದ್ದು 1953ಕ್ಕೆ, ವೆಲೇರಿಯನ್ ಗ್ರೇಶಿಯಸ್, ಬರೀ ಏಳು ವರ್ಷ ಮುಂಚೆ. ಅಂದ್ರೆ ನಾನು ಹೋಗೋ ಹೊತ್ತಿಗೆ ಅಲ್ಲಿ ಮೂರು ನಾಲ್ಕು ತಲೆಮಾರಿನ ಕ್ರೈಸ್ತರು, ಅವರದ್ದೇ ಬಿಷಪ್, ಅವರದ್ದೇ ಫಾದರ್ರು. ನಾನು ಆ ಬಿಷಪ್ ಕೆಳಗೆ ಕೆಲಸ ಮಾಡೋ ಹೊರಗಿನೋಳು, ಅವರು ಬೇಡ ಅಂದ್ರೆ ನನ್ನ ಪರ್ಮಿಟ್ ಅಲ್ಲಿಗೆ ಮುಗೀತು. ಪಕ್ಕದಲ್ಲಿ ಮುಸ್ಲಿಂ ಮನೆಗಳಿವೆ, ಈದಿಗೆ ಪಿಲಾವ್ ಬರುತ್ತೆ, ಕ್ರಿಸ್‌ಮಸ್‌ಗೆ ನಮ್ಮದು ಹೋಗುತ್ತೆ, ಮಲೇರಿಯಾ ಟೆಸ್ಟ್ ಮಾಡೋವಾಗ ಧರ್ಮ ಕೇಳೋ ಕಾಲಂ ಇಲ್ಲ. ನನ್ನ ನಂಬಿಕೆ ನಾನು ಮುಚ್ಚಿಡಲ್ಲ, ಯಾರಾದ್ರೂ ಕೇಳಿದ್ರೆ ಹೇಳ್ತೀನಿ. ಹುಡುಗ ಸರಿ ಅಂತ ಕೂತ್ಕೊಂಡ, ಒಪ್ಪಿದನೋ ಇಲ್ವೋ ಗೊತ್ತಾಗಲಿಲ್ಲ, ಒಪ್ಪಲೇಬೇಕು ಅಂತೇನೂ ಇಲ್ಲ.

ಒಬ್ಬ ನರ್ಸಿಂಗ್ ಓದೋ ಹುಡುಗಿ, ಅಲ್ಲಿಗೆ ಹೋಗೋವಾಗ ಎಂತ ತಗೊಂಡು ಹೋಗ್ಬೇಕು ಅಕ್ಕ ಅಂತ ಕೇಳಿದ್ಲು. ಸೊಳ್ಳೆಪರದೆ ಅಲ್ಲೇ ಸಿಗುತ್ತೆ. ಅಪ್ಪೆಮಿಡಿ ಸಿಗಲ್ಲ, ಎರಡು ಕವರಲ್ಲಿ ಸುತ್ತಿ ಒಯ್ಯಿ, ನನ್ನ ಒಂದು ಸೀರೆ ಪೂರ್ತಿ ಉಪ್ಪಿನಕಾಯಿ ವಾಸನೆ.

ಕೊನೇಗೆ ಮುಂದಿನ ಸಾಲಲ್ಲಿ ಕೂತಿದ್ದ ಸಾಗರ ಕಡೆ ಹಿರಿಯರು, ಇಷ್ಟೊತ್ತೂ ಕಣ್ಮುಚ್ಚಿ ಕೇಳ್ತಿದ್ರು ಅಥವಾ ನಿದ್ದೆ ಮಾಡ್ತಿದ್ರು, ಎದ್ದು ಕೇಳಿದ್ರು, ಅಲ್ಲ ತಂಗಿ, ಅಷ್ಟು ಮಳೆ ಇದ್ರೆ ಅಡಿಕೆ ಯಾಕೆ ಹಾಕಲ್ಲ ಅವರು? ರೋಗ ಗೀಗ ಏನಿದೆ ಅಂತ. ರೋಗ ಇದೆ ಅಜ್ಜ, ನಿಮಗೆ ಎಲೆಚುಕ್ಕಿ ಇದ್ದ ಹಾಗೆ ಅವರಿಗೆ ಬಾಳೆ ಸೊರಗು ರೋಗ, ಉಗಾಂಡದಿಂದ 2006ರ ಹೊತ್ತಿಗೆ ಬಂದಿದ್ದು, ಗೊನೆ ಹೊರಗಿಂದ ಚೆನ್ನಾಗೇ ಕಾಣುತ್ತೆ, ಕೊಯ್ದು ನೋಡಿದ್ರೆ ಒಳಗೆಲ್ಲಾ ಕಂದು. ಕತ್ತಿ ತಾಗಿಸಿದ್ರೆ ರೋಗ ಹರಡುತ್ತೆ ಅಂತ ಬಾಳೆ ಮೋತೇನ ಕವೆ ಕೋಲಿಂದ ತಿರುಚಿ ಮುರೀತಾರೆ, ಕತ್ತಿ ಬಳಸಿದ್ರೆ ಬೆಂಕಿಗೆ ಹಿಡಿದು ಮುಂದಿನ ಗಿಡಕ್ಕೆ ಹೋಗ್ತಾರೆ. ಅಡಿಕೆ ಆ ಕಡೆ ಇಲ್ಲ. ಈಗ ಹೊಸದಾಗಿ ವೆನಿಲ್ಲಾ ಹಾಕ್ತಿದಾರೆ ಅಂದೆ. ಹಾಲ್ ಪೂರ್ತಿ ಗೊಳ್ಳಂತ ನಗು. 2003ರ ಸುಮಾರಿಗೆ ಇಲ್ಲಿ ಅಡಿಕೆ ತೋಟಕ್ಕೆಲ್ಲಾ ವೆನಿಲ್ಲಾ ಬಳ್ಳಿ ಹಬ್ಬಿಸಿ, ಬೆಳಿಗ್ಗೆ ಎದ್ದು ಹೂವಿಗೆ ಕೈಯಲ್ಲಿ ಪರಾಗ ಮುಟ್ಟಿಸಿ, ರಾತ್ರಿ ಟಾರ್ಚ್ ಹಿಡಿದು ಕಾವಲು ಕೂತು, ಆಮೇಲೆ ರೇಟ್ ಬಿದ್ದು ಬಳ್ಳಿ ಕಿತ್ತೆಸೆದೋರೇ ಅರ್ಧ ಜನ ಅಲ್ಲಿದ್ದಿದ್ದು. ಅಜ್ಜ ಕೇಳಿದ್ರು, ಅವರಿಗೆ ಹೇಳಿದ್ಯಾ ಇದನ್ನೆಲ್ಲಾ? ಹೇಳಿದೀನಿ ಅಜ್ಜ, ಜುಮುಯಾ ಅಂತ ಮನೆಮನೆ ಪ್ರಾರ್ಥನೆ ಕೂಟ ಇರುತ್ತೆ, ಅದು ಮುಗಿದ ಮೇಲೆ ಕೂತು ನಮ್ಮೂರಿನ ಪೂರ್ತಿ ಕಥೆ ಹೇಳಿದೀನಿ. ಬಾಳೆ ಮಾತ್ರ ಕಡೀಬೇಡಿ ಅಂತಾನೂ ಹೇಳಿದೀನಿ. ಒಬ್ಬ ಯಜಮಾನ ಎಲ್ಲಾ ಕೇಳಿ, ಸಿಸ್ಟರ್, ನಿಮ್ಮ ಕಡೆ ಕಿತ್ತೆಸೆದ್ರಲ್ಲ, ಆ ಬಳ್ಳಿ ಸಸಿ ಏನಾದ್ರೂ ಸಿಗುತ್ತಾ ಅಂದ.